ಹಳೆಯ ಆರ್ಗನ್ನಿನ ಸ್ಪೀಕರ್ ಬಿಚ್ಚಿ ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸುವುದು ಹೇಗೆ?

"ಕೆಟ್ಟು ನಿಂತ ಹಳೆಯ ಎಲೆಕ್ಟ್ರಿಕ್ ಆರ್ಗನ್ ಒಂದು ಸಿಕ್ಕಿದೆ. ಒಳಗೆ ಎರಡು ದೊಡ್ಡ ಸ್ಪೀಕರ್‌ಗಳಿವೆ. ನಾನೇ ಕಟ್ಟಿದ ಗಿಟಾರ್ ಆಂಪ್ಲಿಫೈಯರಿಗೆ ಹಾಕಬಹುದೇ?" ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಕಬಹುದು, ಸೊಗಸಾಗಿಯೂ ನುಡಿಯುತ್ತದೆ. ಆದರೆ ಕೇಳಿದವರಲ್ಲಿ ಹಲವರು ಎರಡನೇ ಸಲ ಬರೆಯುವುದು "ಕೋನ್ ಹರಿಯಿತು", "ಗರಗರ ಅನ್ನುತ್ತಿದೆ" ಎಂದು. (ಕೋನ್ ಎಂದರೆ ಸ್ಪೀಕರಿನಲ್ಲಿ ಅದುರಿ ದನಿ ಹೊರಡಿಸುವ, ಲಾಳಿಕೆಯಾಕಾರದ ಕಾಗದ.) ನಾನು ನೋಡಿದ ಮಟ್ಟಿಗೆ ಈ ಸ್ಪೀಕರ್‌ಗಳು ವಯಸ್ಸಾಗಿ ಕೆಡುವುದಕ್ಕಿಂತ, ಬಿಚ್ಚುವ ಹೊತ್ತಿನಲ್ಲಿ ಅಥವಾ ಹೊಸ ಪೆಟ್ಟಿಗೆಯಲ್ಲಿ ಮೊದಲ ಅರ್ಧ ಗಂಟೆ ನುಡಿಸುವಾಗ ಕೆಡುವುದೇ ಜಾಸ್ತಿ. ಹಾಗಾಗಿ ಆ ಎರಡು ಘಟ್ಟಗಳನ್ನು ಇಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಪೆಟ್ಟಿಗೆ ಮಾಡುವುದು ಅಷ್ಟು ಕಷ್ಟದ ಕೆಲಸವಲ್ಲ.

ಈ ಸ್ಪೀಕರ್‌ಗಳಲ್ಲಿ ಏನಿದೆ?

1950ರಿಂದ 70ರ ದಶಕದವರೆಗೆ ಅಮೆರಿಕದಲ್ಲಿ ಮನೆಮನೆಗೆ ಆರ್ಗನ್ ಮಾರಿದ ಹ್ಯಾಮಂಡ್, ಲೌರಿ, ಬಾಲ್ಡ್‌ವಿನ್, ವುರ್ಲಿಟ್ಜರ್, ಥಾಮಸ್‌ನಂಥ ಕಂಪನಿಗಳು ಸಾಮಾನ್ಯವಾಗಿ ಸ್ಪೀಕರ್‌ಗಳನ್ನು ಹೊರಗಿನಿಂದ ಕೊಳ್ಳುತ್ತಿದ್ದವು. ಜೆನ್ಸನ್, ಆಕ್ಸ್‌ಫರ್ಡ್, ಯೂಟಾ, ಸಿಟಿಎಸ್, ರೋಲಾ ಮುಂತಾದ ತಯಾರಕರೇ ಇವರಿಗೂ ಸ್ಪೀಕರ್ ಕೊಡುತ್ತಿದ್ದರು, ಆಗಿನ ಗಿಟಾರ್ ಆಂಪ್ಲಿಫೈಯರ್ ಕಂಪನಿಗಳಿಗೂ ಕೊಡುತ್ತಿದ್ದರು. ಕಾಗದದ ಕೋನ್, ತಗಡಿನ ಚೌಕಟ್ಟು, ಹಲವದರಲ್ಲಿ ಆಲ್ನಿಕೊ ಅಯಸ್ಕಾಂತ: ಸಾಮಗ್ರಿ ಬಹುಮಟ್ಟಿಗೆ ಒಂದೇ. ಆಲ್ನಿಕೊ ಎಂದರೆ ಅಲ್ಯೂಮಿನಿಯಂ, ನಿಕಲ್ ಮತ್ತು ಕೋಬಾಲ್ಟ್ ಸೇರಿಸಿ ಮಾಡಿದ ಅಯಸ್ಕಾಂತದ ಲೋಹ. 1978ರಲ್ಲಿ ಜೈರ್ (ಈಗಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ದೇಶದ ಗಲಭೆಯಿಂದ ಕೋಬಾಲ್ಟ್ ಬೆಲೆ ಗಗನಕ್ಕೇರಿದ ಮೇಲೆ ಇದು ಸಾಮಾನ್ಯ ಸ್ಪೀಕರ್‌ಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ಈಗ ಆಲ್ನಿಕೊ ಸ್ಪೀಕರ್ ಹೊಸದು ಬೇಕೆಂದರೆ ಕೈ ಸುಡುವಷ್ಟು ದುಬಾರಿ.

ವ್ಯತ್ಯಾಸವೂ ಇದೆ, ಅದನ್ನು ಮರೆಯಬಾರದು. ಆರ್ಗನ್ನಿನ ಕಾಲುಮಣೆಯ, ಅಂದರೆ ಕಾಲಿನಿಂದ ಒತ್ತಿ ನುಡಿಸುವ ಕೀಲಿಗಳ, ತೀರಾ ಕೆಳಗಿನ ಸ್ವರ ಸುಮಾರು 32.7 ಹರ್ಟ್ಸ್‌ವರೆಗೂ ಇಳಿಯುತ್ತದೆ. ಗಿಟಾರಿನ ದಪ್ಪ ತಂತಿ ಇಳಿಯುವುದು 82.4 ಹರ್ಟ್ಸ್‌ವರೆಗೆ ಮಾತ್ರ. ಅಷ್ಟು ಕೆಳಗಿನ ನಾದ ಹೊರಡಬೇಕಾದ್ದರಿಂದ ಆರ್ಗನ್ನಿನ ಮಂದ್ರದ ಸ್ಪೀಕರಿನ ಕೋನನ್ನು ಸಡಿಲವಾಗಿ ತೂಗಿಬಿಟ್ಟಿರುತ್ತಾರೆ. ಗಿಟಾರಿನ ಹೊಡೆತ ತಟ್ಟನೆ ಬರುತ್ತದೆ, ಆರ್ಗನ್ನಿನ ಸ್ವರ ಹರಿದು ಬರುತ್ತದೆ. ಹರಿಯುವ ಸ್ವರಕ್ಕೆಂದು ಮಾಡಿದ ಕೋನಿನ ಮೇಲೆ ಹೊಡೆತ ಬೀಳುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಪ್ರತಿ ಹೆಜ್ಜೆ ಇಡಿ.

ಯಾವ ಆರ್ಗನ್ ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು

ಇದು ನನಗೆ ಬಹಳ ಮುಖ್ಯ. 1954ರಿಂದ 1974ರವರೆಗೆ ತಯಾರಾದ ಹ್ಯಾಮಂಡ್ ಬಿ-3 ಅಥವಾ ಅದರ ಹತ್ತಿರದ ಸಂಬಂಧಿಗಳಾದ ಸಿ-3, ಎ-100 ನಿಮ್ಮ ಕೈಗೆ ಬಂದರೆ ದಯವಿಟ್ಟು ಬಿಚ್ಚಬೇಡಿ. ಒಳಗೆ ತಿರುಗುವ ಹಲ್ಲಿನ ಚಕ್ರಗಳಿಂದ ಸ್ವರ ಹುಟ್ಟಿಸುವ ಆ ಯಂತ್ರವನ್ನು ಈಗ ಯಾರೂ ಹಾಗೆ ತಯಾರಿಸುವುದಿಲ್ಲ, ಅದನ್ನು ರಿಪೇರಿ ಮಾಡಿ ನುಡಿಸುವವರು ಇದ್ದೇ ಇದ್ದಾರೆ. ಡೊನಾಲ್ಡ್ ಲೆಸ್ಲಿ ರೂಪಿಸಿದ, ಒಳಗೆ ಕಹಳೆ ಸುತ್ತುವ ಲೆಸ್ಲಿ ಪೆಟ್ಟಿಗೆಗೂ ಇದೇ ಮಾತು. ಅದರ 15 ಇಂಚಿನ ಸ್ಪೀಕರಿನ ಆಸೆಗೆ ಇಡೀ ಪೆಟ್ಟಿಗೆಯನ್ನು ಹಾಳುಗೆಡವುವುದು ಅನ್ಯಾಯ.

ಬಿಚ್ಚಲು ಯೋಗ್ಯವಾದದ್ದು ಸ್ಪಿನೆಟ್ ಆರ್ಗನ್. ಅಂದರೆ ಎರಡು ಗಿಡ್ಡ ಕೀಲಿಮಣೆಗಳ, ಗೋಡೆಗೆ ಒರಗಿಸಿಡುವ ಮನೆಬಳಕೆಯ ಮಾದರಿ. ಅದೂ ಸ್ವರ ಹುಟ್ಟಿಸುವ ಭಾಗ ಸತ್ತು, ತೆಗೆದುಕೊಳ್ಳುವವರಿಲ್ಲದೆ ಎಸೆಯಲು ಹೊರಟಿದ್ದರೆ. ಇವುಗಳಲ್ಲಿ ಸಾಮಾನ್ಯವಾಗಿ 12 ಇಂಚಿನ ಒಂದೆರಡು ಸ್ಪೀಕರ್, ಕೆಲವದರಲ್ಲಿ ಜೊತೆಗೆ 8 ಇಂಚಿನದೊಂದು ಸಿಗುತ್ತದೆ. ಸಣ್ಣ ಟ್ವೀಟರ್, ಅಂದರೆ ತಾರಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್, ಇದ್ದರೆ ಅದು ಗಿಟಾರಿಗೆ ಬೇಡ. ಗಿಟಾರಿನ ದನಿಗೆ 5,000 ಹರ್ಟ್ಸ್‌ನಿಂದ ಮೇಲಿನದು ಹೆಚ್ಚಾದರೆ ಕಿವಿಗೆ ಮರಳು ಉಜ್ಜಿದಂತಾಗುತ್ತದೆ.

ಬೇಕಾಗುವ ಸಾಮಾನು

ಮಲ್ಟಿಮೀಟರ್ ಒಂದು ಇರಲೇಬೇಕು. ಅದಿಲ್ಲದೆ ಶುರು ಮಾಡಬೇಡಿ. ನಟ್ಟು ತಿರುಗಿಸುವ ಸಾಕೆಟ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಬಣ್ಣ ಕೆರೆಯುವ ತೆಳು ಚಪ್ಪಟೆ ಅಲಗು, ಬೆಸುಗೆ ಹಾಕುವ ಕಬ್ಬಿಣ, 1.5 ವೋಲ್ಟಿನ ಸಾಮಾನ್ಯ ಸೆಲ್, 100 ಓಮಿನ ಒಂದು ರೆಸಿಸ್ಟರ್, ಬಿಳಿ ಮರದ ಅಂಟು, ತೆಳು ಟಿಶ್ಯೂ ಕಾಗದ, ಮೆತ್ತನೆಯ ಕುಂಚ, ದಪ್ಪ ರಟ್ಟು. ವಾಲ್ವ್, ಅಂದರೆ ಟ್ರಾನ್ಸಿಸ್ಟರಿಗೆ ಮೊದಲು ಬಳಸುತ್ತಿದ್ದ ಗಾಜಿನ ಕೊಳವೆ, ಇರುವ ಆರ್ಗನ್ ಆದರೆ ಇನ್ನೊಂದು ರೆಸಿಸ್ಟರ್ ಬೇಕು: 10,000 ಓಮ್, 5 ವ್ಯಾಟ್ ಅಥವಾ ಹೆಚ್ಚಿನದು. ಅದರ ಎರಡೂ ಕಾಲಿಗೆ ಚೆನ್ನಾಗಿ ಹೊದಿಕೆಯಿರುವ ತಂತಿ ಮತ್ತು ಕ್ಲಿಪ್ ಬೆಸೆದಿಟ್ಟುಕೊಳ್ಳಿ.

ಹಂತ 1: ವಿದ್ಯುತ್ತಿನ ಅಪಾಯ ಕಳೆಯುವುದು

ಪ್ಲಗ್ ಕಿತ್ತರೆ ಸಾಲದು. ವಾಲ್ವ್ ಆರ್ಗನ್ನಿನ ವಿದ್ಯುತ್ ವಿಭಾಗದಲ್ಲಿ 300–400 ವೋಲ್ಟ್ ಇರುತ್ತದೆ. ಅದನ್ನು ಹಿಡಿದಿಡುವ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ ಕೂಡಿಡುವ ದಪ್ಪ ಕೊಳವೆಯಾಕಾರದ ಭಾಗಗಳು, ಪ್ಲಗ್ ಕಿತ್ತ ಮೇಲೂ ಚಾರ್ಜ್ ಇಟ್ಟುಕೊಂಡಿರಬಲ್ಲವು. ಇದು ಪ್ರಾಣಕ್ಕೇ ಅಪಾಯ, ಬರಿಯ "ಜುಮ್" ಅನ್ನಿಸುವ ಪೆಟ್ಟಲ್ಲ.

ಪ್ಲಗ್ ಕಿತ್ತು ಕೆಲವು ಗಂಟೆ ಬಿಡಿ. ಆಮೇಲೆ ಕ್ಲಿಪ್ ಹಾಕಿದ ರೆಸಿಸ್ಟರಿನ ಒಂದು ತುದಿಯನ್ನು ಲೋಹದ ತಳಕ್ಕೆ, ಇನ್ನೊಂದನ್ನು ಕೆಪಾಸಿಟರಿನ ಪ್ಲಸ್ ತುದಿಗೆ ಅರ್ಧ ನಿಮಿಷ ಹಿಡಿಯಿರಿ. ಒಂದೇ ಕೈ ಬಳಸಿ, ಇನ್ನೊಂದು ಕೈ ಬೆನ್ನ ಹಿಂದಿರಲಿ. ನಂತರ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಅಳೆಯಿರಿ. ಒಂದೆರಡು ವೋಲ್ಟ್‌ಗಿಂತ ಕೆಳಗಿದ್ದರೆ ಮಾತ್ರ ಮುಂದುವರಿಯಿರಿ. ಒಂದೇ ಆರ್ಗನ್ನಿನಲ್ಲಿ ಇಂಥ ಕೆಪಾಸಿಟರ್‌ಗಳು ಹಲವು ಇರುತ್ತವೆ, ಪ್ರತಿಯೊಂದನ್ನೂ ನೋಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು "ಟಪ್" ಎಂದು ಕಿಡಿ ಹಾರಿಸುವುದು ಬೇಡ. ಎಣ್ಣೆ ಸೋರುತ್ತಿರುವ ಹಳೆಯ ಲೋಹದ ಕೆಪಾಸಿಟರ್ ಕಂಡರೆ ಕೈಗವಸಿಲ್ಲದೆ ಮುಟ್ಟಬೇಡಿ. ಅಮೆರಿಕ 1979ರಲ್ಲಿ ನಿಷೇಧಿಸುವ ಮೊದಲು ಅಂಥವುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಬಳಸುತ್ತಿದ್ದರು.

ಈ ಕೆಲಸ ಮೊದಲು ಮಾಡಿಲ್ಲವಾದರೆ, ಮಾಡಿದ ಅನುಭವ ಇರುವವರೊಬ್ಬರನ್ನು ಪಕ್ಕಕ್ಕೆ ಕರೆದುಕೊಳ್ಳಿ.

ಹಂತ 2: ಬಿಚ್ಚುವ ಮೊದಲು ನೋಡುವುದು

ಹಿಂದಿನ ಹಲಗೆ ತೆಗೆದು ಟಾರ್ಚ್ ಹಿಡಿಯಿರಿ. ಸ್ಪೀಕರಿಗೆ ಎಷ್ಟು ತಂತಿ ಹೋಗುತ್ತಿವೆ ಎಂದು ಎಣಿಸಿ. ಎರಡಿದ್ದರೆ ಸರಿ. ನಾಲ್ಕಿದ್ದು, ಹಿಂದೆ ಅಯಸ್ಕಾಂತದ ಜಾಗದಲ್ಲಿ ದೊಡ್ಡ ಡಬ್ಬಿಯಂತಿದ್ದರೆ ಅದು ಫೀಲ್ಡ್ ಕಾಯಿಲ್ ಸ್ಪೀಕರ್ ಆಗಿರಬಹುದು. ಅದರಲ್ಲಿ ಶಾಶ್ವತ ಅಯಸ್ಕಾಂತ ಇರುವುದಿಲ್ಲ. ತಂತಿಸುರುಳಿಗೆ ಹೆಚ್ಚಿನ ವೋಲ್ಟಿನ ನೇರ ವಿದ್ಯುತ್ ಕೊಟ್ಟು ಕಾಂತ ಮಾಡುತ್ತಾರೆ. ದನಿ ಅಮೋಘ, ಆದರೆ ಮೊದಲ ಪ್ರಯತ್ನಕ್ಕೆ ಖಂಡಿತ ಬೇಡ.

ಚೌಕಟ್ಟಿನ ಮೇಲೆ ಅಚ್ಚೊತ್ತಿದ ಅಂಕಿಗಳನ್ನು ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಮೊದಲ ಮೂರು ಅಂಕಿ ತಯಾರಕರ ಗುರುತು: 220 ಇದ್ದರೆ ಜೆನ್ಸನ್, 465 ಆಕ್ಸ್‌ಫರ್ಡ್, 137 ಸಿಟಿಎಸ್, 328 ಯೂಟಾ, 285 ರೋಲಾ. 67 ಎಂಬ ಎರಡೇ ಅಂಕಿ ಇದ್ದರೆ ಎಮಿನೆನ್ಸ್. ನಂತರದ ಒಂದು ಅಥವಾ ಎರಡು ಅಂಕಿ ವರ್ಷ, ಕೊನೆಯ ಎರಡು ಅಂಕಿ ವಾರ. 465-7214 ಎಂದಿದ್ದರೆ ಆಕ್ಸ್‌ಫರ್ಡ್, 1972, 14ನೇ ವಾರ. 220632 ಎಂದಿದ್ದರೆ ಜೆನ್ಸನ್, ವರ್ಷ 6, 32ನೇ ವಾರ. ಆ 6 ಎಂದರೆ 1956 ಇರಬಹುದು, 1966 ಇರಬಹುದು, ಆರ್ಗನ್ನಿನ ಮಾದರಿ ನೋಡಿ ತೀರ್ಮಾನಿಸಬೇಕು.

ಹಂತ 3: ಹೊರತೆಗೆಯುವುದು

ಇಲ್ಲಿ ಅವಸರ ಮಾಡಲೇಬೇಡಿ.

ಮೊದಲು ಕೋನಿನ ಹಿಂಬದಿಗೆ ರಕ್ಷೆ ಬೇಕು. ಚೌಕಟ್ಟಿನ ಕಿಟಕಿಗಳಲ್ಲಿ ಕೋನ್ ಕಾಣುತ್ತದಲ್ಲ, ಅಲ್ಲಿಗೆ ರಟ್ಟಿನ ತುಂಡುಗಳನ್ನು ಕತ್ತರಿಸಿ ಚೌಕಟ್ಟಿನ ಹೊರಗಿನಿಂದ ಅಂಟುಪಟ್ಟಿಯಲ್ಲಿ ನಿಲ್ಲಿಸಿ. ಯಾಕೆಂದರೆ ನೀವು ನಟ್ಟಿನತ್ತ ಒಯ್ಯುವ ಉಕ್ಕಿನ ಸ್ಪ್ಯಾನರನ್ನು ಅಯಸ್ಕಾಂತ ತನ್ನತ್ತ ಸೆಳೆಯುತ್ತದೆ. ಕೈ ಒಂದಿಷ್ಟು ಸಡಿಲವಾದರೂ ಸ್ಪ್ಯಾನರ್ ಸರಕ್ಕನೆ ಜಾರಿ ಕಾಗದದಲ್ಲಿ ತೂತು ಬೀಳುತ್ತದೆ. ಕೋನುಗಳಲ್ಲಿ ನಾನು ಅತಿ ಹೆಚ್ಚು ಕಂಡ ಗಾಯ ಇದೇ.

ತಂತಿಯನ್ನು ಸ್ಪೀಕರಿನ ತುದಿಯಲ್ಲಿ ಎಳೆದು ಕೀಳಬೇಡಿ. ತಂತಿ ಬೆಸೆದಿರುವ ಹಳೆಯ ಲೋಹದ ಪಟ್ಟಿಗಳು ಮುರಿಯುತ್ತವೆ. ಒಂದು ಗೇಣು ತಂತಿ ಉಳಿಸಿ ಕತ್ತರಿಸಿ, ಬೆಸುಗೆ ಆಮೇಲೆ ಬಿಡಿಸಿದರಾಯಿತು. ಸ್ಪೀಕರಿನ ಚೌಕಟ್ಟಿಗೇ ಸಣ್ಣ ಟ್ರಾನ್ಸ್‌ಫಾರ್ಮರ್ ಕೂತಿದ್ದರೆ ಎಲ್ಲ ತಂತಿಗಳಿಗೂ ಚೀಟಿ ಕಟ್ಟಿ ಅದನ್ನೂ ಎತ್ತಿಡಿ. ಮುಂದೊಂದು ದಿನ ವಾಲ್ವ್ ಆಂಪ್ಲಿಫೈಯರ್ ಕಟ್ಟುವಾಗ ಉಪಯೋಗಕ್ಕೆ ಬರುತ್ತದೆ. ಸ್ಪ್ರಿಂಗ್ ರಿವರ್ಬ್ ಡಬ್ಬಿ, ಅಂದರೆ ಸ್ಪ್ರಿಂಗುಗಳ ಮೂಲಕ ಮಾರ್ದನಿ ಹುಟ್ಟಿಸುವ ಸಾಧನ, ಇದ್ದರೆ ಅದನ್ನೂ ಬಿಡಬೇಡಿ. ಗಿಟಾರ್ ಲೋಕದ ಸ್ಪ್ರಿಂಗ್ ರಿವರ್ಬ್ ಬಂದಿದ್ದೇ ಹ್ಯಾಮಂಡ್ ಆರ್ಗನ್ನಿನಿಂದ.

ನಟ್ಟು ತುಕ್ಕು ಹಿಡಿದಿದ್ದರೆ ಎಣ್ಣೆ ಸಿಂಪಡಿಸಬೇಡಿ, ಕೋನಿಗೆ ತಾಗಿದ ಎಣ್ಣೆ ಹೋಗುವುದಿಲ್ಲ. ಕಡ್ಡಿಯ ತುದಿಯಲ್ಲಿ ಒಂದೊಂದೇ ಹನಿ ಇಟ್ಟು ರಾತ್ರಿಯಿಡೀ ಬಿಡಿ. ನಟ್ಟುಗಳೆಲ್ಲ ಬಂದ ಮೇಲೂ ಸ್ಪೀಕರ್ ಅಲುಗಾಡದಿರಬಹುದು. ಅಂಚಿನ ರಟ್ಟಿನ ಪಟ್ಟಿ ದಶಕಗಳಿಂದ ಹಲಗೆಗೆ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಒಂದೇ ಕಡೆ ಮೀಟಿದರೆ ತಗಡಿನ ಚೌಕಟ್ಟು ಬಾಗುತ್ತದೆ. ಚೌಕಟ್ಟು ಕೂದಲೆಳೆಯಷ್ಟು ತಿರುಚಿದರೂ ಒಳಗಿನ ಸುರುಳಿ, ಅಂದರೆ ಕೋನಿನ ಬುಡಕ್ಕೆ ಅಂಟಿ ಅದನ್ನು ಆಡಿಸುವ ತಂತಿಸುರುಳಿ, ಅಯಸ್ಕಾಂತಕ್ಕೆ ಉಜ್ಜತೊಡಗುತ್ತದೆ. ಚಪ್ಪಟೆ ಅಲಗನ್ನು ಅಂಚಿನ ಕೆಳಗೆ ಸುತ್ತಲೂ ಸ್ವಲ್ಪ ಸ್ವಲ್ಪವೇ ತೂರಿಸುತ್ತ ಬನ್ನಿ. ಎರಡು ಮೂರು ಸುತ್ತು ಬರುವಷ್ಟರಲ್ಲಿ ತಾನಾಗಿ ಬಿಡುತ್ತದೆ.

ಹೊರಬಂದ ಸ್ಪೀಕರನ್ನು ಎರಡು ಕೈಯಲ್ಲಿ ಹಿಡಿಯಿರಿ, ಬೀಳಿಸಬೇಡಿ. ಬಿದ್ದರೆ ಒಳಗಿನ ಕಾಂತ ಜರುಗಿ ಸುರುಳಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಕಬ್ಬಿಣದ ಪುಡಿ ಇರುವ ಮೇಜಿನ ಮೇಲೂ ಇಡಬೇಡಿ.

ಹಂತ 4: ಕೈಯಿಂದ, ಮೀಟರಿನಿಂದ ಪರೀಕ್ಷೆ

ಸ್ಪೀಕರನ್ನು ಮಲಗಿಸಿ, ಕೋನ್ ಮೇಲ್ಮುಖವಾಗಿರಲಿ. ಎರಡೂ ಕೈಯ ಬೆರಳುಗಳನ್ನು ಅಗಲಿಸಿ ನಡುವಿನ ಗುಬ್ಬಿಯ ಸುತ್ತ ಸಮವಾಗಿ ಊರಿ. ಈ ಗುಬ್ಬಿಗೆ ಡಸ್ಟ್ ಕ್ಯಾಪ್ ಎನ್ನುತ್ತಾರೆ, ಧೂಳು ಒಳಹೋಗದಂತೆ ತಡೆಯುವ ಮುಚ್ಚಳ. ಈಗ ಎರಡು ಮೂರು ಮಿಲಿಮೀಟರಿನಷ್ಟು ಮೆಲ್ಲಗೆ ಕೆಳಗೊತ್ತಿ, ಬಿಡಿ. ಕಿವಿ ಹತ್ತಿರ ತನ್ನಿ. ಆರೋಗ್ಯವಾಗಿರುವ ಸ್ಪೀಕರ್ ಏನೂ ಸದ್ದು ಮಾಡದೆ ಇಳಿದು ಏರುತ್ತದೆ. "ಸರ್ ಸರ್" ಎಂದರೆ ಸುರುಳಿ ಉಜ್ಜುತ್ತಿದೆ, ಅಥವಾ ಕಸ ಸೇರಿದೆ. ನೀವು ಒತ್ತಿದ್ದು ಓರೆಯಾಗಿದ್ದರೂ ಉಜ್ಜಿದಂತೆ ಕೇಳುತ್ತದೆ. ಹಾಗಾಗಿ ಕೈಯ ಜಾಗ ಬದಲಿಸಿ ನಾಲ್ಕು ಸಲ ಮಾಡಿ ನೋಡಿಯೇ ನಿರ್ಧರಿಸಿ.

ಆಮೇಲೆ ಮಲ್ಟಿಮೀಟರನ್ನು ಓಮ್ ಅಳೆಯುವ ಸ್ಥಾನಕ್ಕೆ ತಿರುಗಿಸಿ ಎರಡು ತುದಿಗಳಿಗೆ ಹಿಡಿಯಿರಿ. ಮೀಟರ್ ತೋರಿಸುವುದು ಸುರುಳಿಯ ನೇರ ವಿದ್ಯುತ್ ರೋಧ. ಅದು ಸ್ಪೀಕರಿನ ಹೆಸರಿನ ಇಂಪೀಡೆನ್ಸ್‌ಗಿಂತ, ಅಂದರೆ ಆಂಪ್ಲಿಫೈಯರಿಗೆ ಸ್ಪೀಕರ್ ಒಡ್ಡುವ ಒಟ್ಟು ತಡೆಗಿಂತ, ಕಡಿಮೆ ಇರುತ್ತದೆ. 3ರಿಂದ 3.5 ತೋರಿಸಿದರೆ 4 ಓಮಿನ ಸ್ಪೀಕರ್. 6ರಿಂದ 7 ತೋರಿಸಿದರೆ 8 ಓಮ್. 11ರಿಂದ 13 ಇದ್ದರೆ 16 ಓಮ್. ಏನೂ ತೋರಿಸದಿದ್ದರೆ ನಿರಾಶರಾಗಬೇಡಿ, ಕೋನಿನಿಂದ ಚೌಕಟ್ಟಿಗೆ ಬರುವ ಹೆಣೆದ ಮೃದು ತಂತಿ ತುಂಡಾಗಿರುವ ಸಾಧ್ಯತೆ ಇದೆ. ಕೋನಿನ ಮೇಲೆ ಆ ತಂತಿ ಬೆಸುಗೆಯಾಗಿರುವ ಎರಡು ಚುಕ್ಕೆಗಳಿಗೇ ಮೀಟರ್ ಹಿಡಿದು ನೋಡಿ. ಅಲ್ಲಿ ಓದು ಬಂದರೆ ಸುರುಳಿ ಬದುಕಿದೆ. ಸ್ಪೀಕರಿಗೆಂದೇ ಸಿಗುವ ಮೃದು ತಂತಿ ತಂದು ಬದಲಿಸಿ. ಬಿಗಿಯಾದ ಸಾಮಾನ್ಯ ತಂತಿ ಹಾಕಿದರೆ ಕೆಲವೇ ದಿನದಲ್ಲಿ ಮತ್ತೆ ಮುರಿಯುತ್ತದೆ.

ಕೊನೆಗೆ ಸೆಲ್. ಅದರ ಎರಡು ತುದಿಗಳನ್ನು ಸ್ಪೀಕರಿಗೆ ಕ್ಷಣಮಾತ್ರ ತಾಗಿಸಿ. "ಟಕ್" ಎಂದು ಕೋನ್ ಹೊರಗೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್. ಕೆಂಪು ಗುರುತು ಹಾಕಿ. ಎರಡು ಸ್ಪೀಕರ್ ಸೇರಿಸುವವರಿಗೆ ಇದು ಅನಿವಾರ್ಯ. ಒಂದು ಹೊರಗೆ ಬರುವಾಗ ಇನ್ನೊಂದು ಒಳಗೆ ಹೋದರೆ ಮಂದ್ರವೆಲ್ಲ ಪರಸ್ಪರ ನುಂಗಿಹೋಗಿ ದನಿ ತಗಡಿನಂತಾಗುತ್ತದೆ.

ಹಂತ 5: ಸ್ಪೀಕರಿನ ಸ್ವಭಾವ ತಿಳಿಯುವುದು

ಪ್ರತಿ ಸ್ಪೀಕರಿಗೂ ತಾನಾಗಿ ತೂಗಲು ಇಷ್ಟಪಡುವ ಒಂದು ಆವರ್ತನ ಇರುತ್ತದೆ, ಅದನ್ನು ಅನುರಣನ ಆವರ್ತನ ಎನ್ನುತ್ತೇವೆ. ಇದನ್ನು ಅಳೆದರೆ ಆ ಸ್ಪೀಕರ್ ಗಿಟಾರಿಗೆ ಎಷ್ಟು ಹೊಂದುತ್ತದೆ ಎಂಬ ಅಂದಾಜು ಸಿಗುತ್ತದೆ. ಸ್ಪೀಕರಿನ ಜೊತೆ 100 ಓಮಿನ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ ಸಣ್ಣ ಆಂಪ್ಲಿಫೈಯರಿಗೆ ಕೊಡಿ. ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ 30 ಹರ್ಟ್ಸ್‌ನ ಸ್ವರ ಹಾಕಿ ನಿಧಾನವಾಗಿ 150ರವರೆಗೆ ಏರಿಸುತ್ತ, ಸ್ಪೀಕರಿನ ಎರಡು ತುದಿಗಳ ನಡುವೆ ಎಸಿ ವೋಲ್ಟೇಜ್ ನೋಡುತ್ತಿರಿ. ಒಂದು ಕಡೆ ಅಂಕಿ ಎದ್ದು ಮತ್ತೆ ಇಳಿಯುತ್ತದೆ. ಆ ಶಿಖರವೇ ಅನುರಣನ. ಗಿಟಾರಿಗೆಂದೇ ಮಾಡಿದ ಸ್ಪೀಕರ್‌ಗಳಲ್ಲಿ ಇದು ಸಾಮಾನ್ಯವಾಗಿ 70ರಿಂದ 110ರ ನಡುವೆ ಇರುತ್ತದೆ. ನಿಮ್ಮದು ಇದೇ ಮಟ್ಟದಲ್ಲಿದ್ದರೆ ಅದೃಷ್ಟ. 40–50ರಲ್ಲಿದ್ದರೆ ಅದು ಕಾಲುಮಣೆಯ ಮಂದ್ರಕ್ಕೆ ಮಾಡಿದ್ದು. ಸೌಮ್ಯವಾದ ಸ್ವಚ್ಛ ದನಿಗೆ ಚೆನ್ನ, ಆದರೆ ಜೋರು ಹೊಡೆತಕ್ಕೆ ಕೋನ್ ಅತಿಯಾಗಿ ಓಡಾಡುತ್ತದೆ.

ಎಷ್ಟು ವ್ಯಾಟ್ ತಡೆಯುತ್ತದೆ ಎಂದು ಹಳೆಯ ಸ್ಪೀಕರಿನ ಮೇಲೆ ಬರೆದಿರುವುದೇ ಅಪರೂಪ. ಡಸ್ಟ್ ಕ್ಯಾಪ್ ನೋಡಿ ಒಳಗಿನ ಸುರುಳಿಯ ಅಗಲ ಊಹಿಸಿ. 1 ಇಂಚಿನ ಸುರುಳಿ, ಸಣ್ಣ ಅಯಸ್ಕಾಂತ ಇದ್ದರೆ 10 ವ್ಯಾಟ್ ಎಂದೇ ಹಿಡಿಯಿರಿ. ಒಂದೂವರೆ ಇಂಚಿನದಾದರೆ 20. ಇನ್ನೂ ತಾಳಬಹುದೇನೋ, ಆದರೆ ಪರೀಕ್ಷಿಸಲು ಹೋಗಿ ಕಳೆದುಕೊಳ್ಳುವುದು ಬೇಡ.

ಹಂತ 6: ಹರಿದ ಕೋನಿಗೆ ತೇಪೆ

ಮೊದಲು ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಸೋಕಿಸಬೇಡಿ.

ಒಂದೆರಡು ಸೆಂಟಿಮೀಟರಿನ ಹರಕು ದೊಡ್ಡ ಸಮಸ್ಯೆಯೇ ಅಲ್ಲ. ಟಿಶ್ಯೂ ಕಾಗದವನ್ನು ಕತ್ತರಿಯಿಂದ ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ. ಹರಿದ ಅಂಚಿನಲ್ಲಿ ನಾರುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಅವು ಕೋನಿನ ಕಾಗದದೊಳಗೆ ಬೆರೆತುಕೊಳ್ಳುತ್ತವೆ. ತೇಪೆ ಹರಕಿಗಿಂತ ಸುತ್ತ ಅರ್ಧ ಸೆಂಟಿಮೀಟರ್ ದೊಡ್ಡದಿರಲಿ. ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ, ಹಾಲಿನ ಕೆನೆಯಷ್ಟು ತೆಳ್ಳಗಾಗಲಿ. ಹರಿದ ತುಟಿಗಳನ್ನು ಒಂದಕ್ಕೊಂದು ಸೇರಿಸಿ, ಹಿಂಬದಿಯಿಂದ ಬೆರಳ ತುದಿಯ ಆಸರೆ ಕೊಟ್ಟು, ಮುಂಬದಿಗೆ ಅಂಟು ಸವರಿ ತೇಪೆ ಇಡಿ. ಮೇಲಿನಿಂದ ಕುಂಚದಲ್ಲಿ ಇನ್ನೊಂದು ತೆಳು ಕೈ. ಒದ್ದೆಯಾದ ಟಿಶ್ಯೂ ಮೊದಲು ಬೆಳ್ಳಗೆ ಕಂಡು ಆಮೇಲೆ ಪಾರದರ್ಶಕವಾಗಿ ಕೋನಿನ ಏರಿಳಿತಕ್ಕೆ ಮೈಗೊಟ್ಟು ಕೂರುತ್ತದೆ. ಒಂದು ದಿನ ಒಣಗಲಿ, ನಂತರ ಹಿಂಬದಿಗೂ ಹಾಗೇ ಮಾಡಿ.

ಸಿಲಿಕೋನ್, ಕ್ಷಣದಲ್ಲಿ ಗಟ್ಟಿಯಾಗುವ ಅಂಟು, ಪ್ಲಾಸ್ಟಿಕ್ ಟೇಪು ಮೂರೂ ಬೇಡ. ಒಂದು ಭಾರ, ಇನ್ನೊಂದು ಗಾಜಿನಂತೆ ಪೆಡಸು, ಮತ್ತೊಂದು ಬಿಸಿಗೆ ಜಾರುತ್ತದೆ. ಕೋನಿನ ಹೊರಅಂಚು ಫೋಮಿನದ್ದಾಗಿ ಪುಡಿಯಾಗುತ್ತಿದ್ದರೆ ತೇಪೆ ನಿಲ್ಲುವುದಿಲ್ಲ, ಹೊಸ ಅಂಚನ್ನೇ ಹಾಕಬೇಕು. ಅಂಥ ಸ್ಪೀಕರ್ ಹೇಗೂ ಗಿಟಾರಿಗೆ ಅಷ್ಟಾಗಿ ಹೊಂದುವುದಿಲ್ಲ. ಕಾಗದವೇ ಸುಕ್ಕುಸುಕ್ಕಾಗಿ ಅಂಚಾಗಿರುವುದನ್ನು ಆರಿಸಿಕೊಳ್ಳಿ.

ಹಂತ 7: ಆಂಪ್ಲಿಫೈಯರಿಗೆ ಹೊಂದಿಸುವುದು

ಗಿಟಾರ್ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿ ದನಿ ಒಡೆಯುವಂತೆ ನುಡಿಸಿದಾಗ ಅದು ತನ್ನ ಹೆಸರಿನ ವ್ಯಾಟ್‌ಗಿಂತ ಒಂದೂವರೆಯಿಂದ ಎರಡು ಪಟ್ಟು ಹೊರಹಾಕಬಲ್ಲದು. ಆದ್ದರಿಂದ 10 ವ್ಯಾಟಿನ ಸ್ಪೀಕರಿಗೆ 5 ವ್ಯಾಟಿನ ಆಂಪ್ಲಿಫೈಯರ್ ಸಾಕು. ಒಂದೇ ಪವರ್ ವಾಲ್ವಿನ ಸಣ್ಣ ಆಂಪ್ಲಿಫೈಯರಿಗೂ ಆರ್ಗನ್ ಸ್ಪೀಕರಿಗೂ ನಿಜಕ್ಕೂ ಒಳ್ಳೆಯ ಜೋಡಿ. 5 ವ್ಯಾಟ್ ಕಡಿಮೆಯಾಯಿತಲ್ಲ ಎನ್ನುವವರು ಒಮ್ಮೆ ಕೋಣೆಯಲ್ಲಿ 12 ಇಂಚಿನ ಸ್ಪೀಕರಿನಲ್ಲಿ ಕೇಳಿ ನೋಡಲಿ. 15 ವ್ಯಾಟಿನ ಆಂಪ್ಲಿಫೈಯರಿಗೆ ಕನಿಷ್ಠ 15 ವ್ಯಾಟಿನ ಎರಡು ಸ್ಪೀಕರ್ ಬೇಕು.

ಒಂದೇ ಓಮಿನ ಎರಡು ಸ್ಪೀಕರ್‌ಗಳನ್ನು ಸಮಾಂತರವಾಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ಓಮ್ ಅರ್ಧವಾಗುತ್ತದೆ: ಎರಡು 8 ಸೇರಿ 4, ಎರಡು 16 ಸೇರಿ 8. ಸರಣಿಯಲ್ಲಿ, ಅಂದರೆ ಒಂದರ ಮೈನಸ್ ಇನ್ನೊಂದರ ಪ್ಲಸ್‌ಗೆ ಸೇರಿಸಿದರೆ ಎರಡು 8 ಸೇರಿ 16. ಬೇರೆ ಬೇರೆ ಓಮಿನವನ್ನು ಬೆರೆಸಬೇಡಿ. ಹೊರೆ ಸಮವಾಗಿ ಹಂಚಿಕೆಯಾಗದೆ ಒಂದರ ಮೇಲೇ ಬೀಳುತ್ತದೆ.

ಎರಡು ನಿಯಮ ಬರೆದಿಟ್ಟುಕೊಳ್ಳಿ. ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರ್ ಸೇರಿಸದೆ ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಅದು ಕೇಳುವುದಕ್ಕಿಂತ ಕಡಿಮೆ ಓಮಿನ ಸ್ಪೀಕರ್ ಹಾಕಬೇಡಿ.

ಹಂತ 8: ಪೆಟ್ಟಿಗೆ ಮತ್ತು ಜೋಡಣೆ

ಪೆಟ್ಟಿಗೆಗೆ 18 ಮಿಲಿಮೀಟರಿನ ಪೈನ್ ಅಥವಾ ಪ್ಲೈವುಡ್, ಸ್ಪೀಕರ್ ಕೂರುವ ಮುಂಭಾಗದ ಹಲಗೆಗೆ 12 ಮಿಲಿಮೀಟರಿನ ಪ್ಲೈವುಡ್. ಆರ್ಗನ್ನಿನ ಹಲಗೆಗಳನ್ನೇ ಬಳಸುವ ಆಸೆ ಬರುತ್ತದೆ. ಒಳ್ಳೆಯ ಪ್ಲೈವುಡ್ ಆಗಿದ್ದರೆ ಬಳಸಿ, ಮರದ ಪುಡಿ ಒತ್ತಿ ಮಾಡಿದ್ದಾದರೆ ಬಿಡಿ. 12 ಇಂಚಿನ ಸ್ಪೀಕರಿಗೆ ರಂಧ್ರ ಸುಮಾರು 280 ಮಿಲಿಮೀಟರ್ ಅಗಲ, ಆದರೂ ಕತ್ತರಿಸುವ ಮೊದಲು ನಿಮ್ಮ ಸ್ಪೀಕರನ್ನೇ ಅಳೆಯಿರಿ. ಹಳೆಯವುಗಳಲ್ಲಿ ಮೊಳೆರಂಧ್ರದ ಸ್ಥಾನವೂ ಒಂದೇ ಸಮ ಇರುವುದಿಲ್ಲ.

ಹಿಂಬದಿ ಅರ್ಧ ತೆರೆದಿರುವ ಪೆಟ್ಟಿಗೆಯನ್ನೇ ಮಾಡಿ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಂದ್ರ ಬಿಗಿಯಾಗುವುದು ನಿಜ, ಆದರೆ ಈ ಸ್ಪೀಕರ್‌ಗಳ ತೆರೆದ ಗಾಳಿಯಂಥ ನಾದ ಮುಚ್ಚಿಹೋಗುತ್ತದೆ. ಒಂದು ಎಚ್ಚರಿಕೆ: ಹಂತ 5ರಲ್ಲಿ 40–50 ಹರ್ಟ್ಸ್ ಬಂದಿದ್ದರೆ ಹಿಂಬದಿಯನ್ನು ಮುಕ್ಕಾಲು ಪಾಲು ಮುಚ್ಚಿ, ಆಂಪ್ಲಿಫೈಯರಿನ ಬಾಸ್ ತಗ್ಗಿಸಿ.

ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದಕ್ಕೆ ಅರ್ಧ ಸುತ್ತಿನಂತೆ ಬಿಗಿಯಿರಿ. ಬೆರಳಲ್ಲಿ ಬಿಗಿದ ಮೇಲೆ ಸ್ಪ್ಯಾನರಿನಲ್ಲಿ ಇನ್ನೊಂದಿಷ್ಟು, ಅಷ್ಟೇ. ಬಲ ಹಾಕಿದರೆ ತಗಡಿನ ಚೌಕಟ್ಟು ತಿರುಚುತ್ತದೆ, ಮೇಜಿನ ಮೇಲೆ ಚೆನ್ನಾಗಿದ್ದ ಸ್ಪೀಕರ್ ಪೆಟ್ಟಿಗೆಯಲ್ಲಿ ಉಜ್ಜತೊಡಗುತ್ತದೆ. ಬಿಗಿದಾದ ಮೇಲೆ ಹಂತ 4ರ ಬೆರಳ ಪರೀಕ್ಷೆ ಇನ್ನೊಮ್ಮೆ ಮಾಡಿ. ಸದ್ದು ಬಂದರೆ ಬೋಲ್ಟು ಸಡಿಲಿಸಿ, ಸ್ಪೀಕರನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಿ.

ಹಂತ 9: ಮೊದಲ ಬಾರಿ ನುಡಿಸುವುದು

ದಶಕಗಟ್ಟಲೆ ಮೌನವಾಗಿದ್ದ ಕಾಗದ ಇದು. ಮೊದಲು ಗಿಟಾರ್ ಬೇಡ, ಫೋನಿನ ಆ್ಯಪ್‌ನಿಂದ 80 ಹರ್ಟ್ಸ್‌ನಿಂದ 1,000ದವರೆಗೆ ಸಣ್ಣ ದನಿಯಲ್ಲಿ ನಿಧಾನವಾಗಿ ಏರಿಸಿ. ಎಲ್ಲೋ ಒಂದು ಕಡೆ ಝೇಂಕಾರ ಬಂದರೆ ಅಲ್ಲೇ ನಿಲ್ಲಿಸಿ, ಬೆರಳಿನಿಂದ ಒಂದೊಂದು ಜಾಗ ಮುಟ್ಟುತ್ತ ಹೋಗಿ: ಡಸ್ಟ್ ಕ್ಯಾಪಿನ ಅಂಚು, ತೇಪೆ, ಮೃದು ತಂತಿ, ಪೆಟ್ಟಿಗೆಯ ಸ್ಕ್ರೂ. ಮುಟ್ಟಿದಾಗ ಸದ್ದು ನಿಂತ ಜಾಗವೇ ತಪ್ಪಿತಸ್ಥ. ಹೆಚ್ಚಿನ ಸಲ ಅದು ಅಂಟು ಬಿಟ್ಟ ಡಸ್ಟ್ ಕ್ಯಾಪ್ ಆಗಿರುತ್ತದೆ, ಅದೇ ಬಿಳಿ ಅಂಟಿನ ತೆಳು ಗೆರೆ ಸಾಕು.

ನಂತರ ಗಿಟಾರ್ ಹಾಕಿ, ವಾಲ್ಯೂಮ್ ಕಾಲು ಭಾಗಕ್ಕಿಟ್ಟು, ಒಡೆಯದ ದನಿಯಲ್ಲಿ ನಾಲ್ಕೈದು ಗಂಟೆ ನುಡಿಸಿ. ಒಂದೇ ದಿನ ಬೇಡ, ಒಂದು ವಾರದಲ್ಲಿ ಹಂಚಿಕೊಳ್ಳಿ. ಶುರುವಿನಲ್ಲಿ ದನಿ ಬಿಗಿದುಕೊಂಡಂತೆ, ಸ್ವಲ್ಪ ಒಣಗಿದಂತೆ ಕೇಳುತ್ತದೆ, ದಿನ ಕಳೆದಂತೆ ಮಂದ್ರ ಬಿಚ್ಚಿಕೊಳ್ಳುತ್ತದೆ. ಬಾಸ್ ಗಿಟಾರನ್ನು ಇದಕ್ಕೆ ಎಂದೂ ಸೇರಿಸಬೇಡಿ, "ಒಂದು ನಿಮಿಷ ನೋಡೋಣ" ಎಂದೂ ಬೇಡ. ಸ್ವರವನ್ನು ಒಂದು ಸಪ್ತಕ ಕೆಳಗಿಳಿಸುವ ಆಕ್ಟೇವ್ ಪೆಡಲ್ ಕೂಡ ಬೇಡ.

ವಾರ ಕಳೆದ ಮೇಲೆ ಬೋಲ್ಟುಗಳನ್ನು ಮುಟ್ಟಿ ನೋಡಿ, ಸಡಿಲವಾದವನ್ನು ಬೆರಳಿನಷ್ಟೇ ಬಿಗಿಯಿರಿ. ತೇಪೆಯನ್ನು ಟಾರ್ಚ್ ಹಿಡಿದು ಹಿಂಬದಿಯಿಂದ ನೋಡಿ. ಬೆಳಕು ತೂರಿ ಬರುವ ಗೆರೆ ಕಂಡರೆ ಇನ್ನೊಂದು ತೆಳು ಪದರ ಟಿಶ್ಯೂ ಇಟ್ಟು ಒಂದು ದಿನ ಒಣಗಲು ಬಿಡಿ. ಅದಾದ ಮೇಲೆ ವಾಲ್ಯೂಮ್ ಅರ್ಧ ದಾಟಿಸಬಹುದು.